ಗರ್ಭನಿರೋಧಕ ಮಾತ್ರೆ ಜೊತೆ ಬೇರೆ ಔಷಧಿ: ಫಾರ್ಮಸಿಸ್ಟ್‌ಗೆ ಕೇಳಿ

ಮಲ್ಲಿಗೆ: ಗಂಟಲು ನೋವಿಗೆ 5 ದಿನ ಅಮಾಕ್ಸಿಸಿಲಿನ್ ಬರೆದಿದ್ದಾರೆ. ಪಿಲ್ ಕೆಲಸ ಮಾಡುತ್ತಾ?

ಫಾರ್ಮಸಿಸ್ಟ್: ಮಾಡುತ್ತೆ. ಪಿಲ್ ನುಂಗಿದ 3 ಗಂಟೆಯೊಳಗೆ ವಾಂತಿಯಾದರೆ ಮಾತ್ರ ಇನ್ನೊಂದು ನುಂಗಿ.

ಇಬ್ಬನಿ: ಅಜಿತ್ರೊಮೈಸಿನ್ ಆದ್ರೆ?

ಫಾರ್ಮಸಿಸ್ಟ್: ಮೇಲಿನದೇ ಉತ್ತರ.

ತಾವರೆ: ಥೈರಾಯ್ಡ್ ಮಾತ್ರೆ ಡೋಸ್ ಬದಲಾಗುತ್ತಾ?

ನವಿಲುಗರಿ: ತಂಗಿಗೆ ಮೂರ್ಛೆರೋಗ. ಲ್ಯಾಮೊಟ್ರಿಜಿನ್ ದಿನಕ್ಕೆ 200 ಮಿ.ಗ್ರಾಂ., ಫಿಟ್ಸ್ ಪೂರ್ತಿ ನಿಂತಿತ್ತು. 21 ದಿನದ ಪಿಲ್ ಶುರುವಾದ ಮೇಲೆ ಎರಡು ಸಲ ಬಂತು. ಬಿಡುವಿನ ವಾರದಲ್ಲಿ ತಲೆಸುತ್ತು, ಅಕ್ಷರ ಎರಡೆರಡಾಗಿ ಕಾಣುತ್ತಂತೆ.

ಫಾರ್ಮಸಿಸ್ಟ್: ಇದನ್ನು ಇವತ್ತೇ ನರರೋಗ ತಜ್ಞರಿಗೆ ತಿಳಿಸಿ. ಎಲ್ಲರೂ ಕೇಳೋದು ಬೇರೆ ಔಷಧಿ ಪಿಲ್ಲನ್ನು ಕೆಡಿಸುತ್ತಾ ಅಂತ. ಇಲ್ಲಿ ಆಗಿರೋದು ಉಲ್ಟಾ, ಪಿಲ್ಲೇ ಔಷಧಿಯನ್ನು ಕರಗಿಸುತ್ತಿರುವಂತಿದೆ. ಪಿಲ್‌ನ ಈಸ್ಟ್ರೊಜೆನ್‌ನಿಂದ ಲಿವರ್ ಲ್ಯಾಮೊಟ್ರಿಜಿನ್ನನ್ನು ಬೇಗ ಹೊರಹಾಕುತ್ತೆ, ರಕ್ತದಲ್ಲಿ ಮಟ್ಟ ಸುಮಾರು ಅರ್ಧಕ್ಕೆ ಇಳಿಯಬಹುದು. ಫಿಟ್ಸ್ ಬರೋದು ಅದಕ್ಕೇ. ಬಿಡುವಿನ 7 ದಿನ ಈಸ್ಟ್ರೊಜೆನ್ ಇಲ್ಲ, ಮಟ್ಟ ಮತ್ತೆ ಏರುತ್ತೆ. ತಲೆಸುತ್ತು, ಎರಡೆರಡು ಕಾಣೋದು ಆ ಏರಿಕೆಯ ಲಕ್ಷಣ. ಎರಡರಲ್ಲಿ ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ, ಡೋಸ್ ಮುಟ್ಟಬೇಡಿ. ಫಿಟ್ಸ್ ಬಂದ ದಿನ, ಪಿಲ್ ಪಟ್ಟಿಯ ಎಷ್ಟನೇ ಮಾತ್ರೆ ಅಂತ ಬರೆದಿಟ್ಟು ತೋರಿಸಿ. ಬಿಡುವಿಲ್ಲದೆ ಪಿಲ್ ಕೊಟ್ಟು ಲ್ಯಾಮೊಟ್ರಿಜಿನ್ ಹೆಚ್ಚಿಸೋದು ಒಂದು ದಾರಿ, ಕಾಪರ್ ಟಿ ಇನ್ನೊಂದು. ಫಿಟ್ಸ್‌ನ ಇನ್ನೊಂದು ಔಷಧಿ ವಾಲ್ಪ್ರೊಯೇಟ್ ಕೂಡ ತಗೊಳ್ತಾರಾ? ಹಾಗಿದ್ದರೆ ಲೆಕ್ಕವೇ ಬೇರೆ.

ಹಂಸ: ಫಾರ್ವರ್ಡ್ ಬಂದಿದೆ: "ಟಿಬಿ ಮಾತ್ರೆಗೂ ಪಿಲ್‌ಗೂ 6 ಗಂಟೆ ಅಂತರ ಇಡಿ, ಇಲ್ಲವೇ ಪಿಲ್ ಎರಡು ನುಂಗಿ."

ಫಾರ್ಮಸಿಸ್ಟ್: ಎರಡೂ ತಪ್ಪು. ದಯವಿಟ್ಟು ಮುಂದಕ್ಕೆ ಕಳಿಸಬೇಡಿ, ಇದನ್ನು ನಂಬಿದವರು ಬಸಿರಾಗ್ತಾರೆ. ಟಿಬಿ ಔಷಧಿ ರಿಫಾಂಪಿಸಿನ್ ಹೊಟ್ಟೆಯಲ್ಲಿ ಪಿಲ್ ಜೊತೆ ಜಗಳಕ್ಕೆ ನಿಲ್ಲಲ್ಲ, ಪಿಲ್‌ನ ಹಾರ್ಮೋನನ್ನು ಕರಗಿಸುವ ಲಿವರ್‌ನ ಕಿಣ್ವಗಳನ್ನೇ ಹೆಚ್ಚಿಸುತ್ತೆ. ಗಂಟೆಗಳ ಅಂತರದಿಂದ ಏನೂ ಆಗಲ್ಲ. ಕೊನೆಯ ಡೋಸ್ ಆದ ಮೇಲೂ 28 ದಿನ ಪರಿಣಾಮ ಇರುತ್ತೆ. ಪಿಲ್, ಪ್ಯಾಚ್, ರಿಂಗ್, ತೋಳಿನ ಇಂಪ್ಲಾಂಟ್ ಯಾವುದನ್ನೂ ನೆಚ್ಚಬೇಡಿ. ಡಿಎಂಪಿಎ ಅನ್ನೋ ಗರ್ಭನಿರೋಧಕ ಇಂಜೆಕ್ಷನ್, ಕಾಪರ್ ಟಿ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಐಯುಡಿಗೆ ತೊಂದರೆಯಿಲ್ಲ. ಫಿಟ್ಸ್‌ನ ಔಷಧಿಗಳಾದ ಕಾರ್ಬಮಜೆಪಿನ್, ಫೆನಿಟಾಯಿನ್, ಫಿನೊಬಾರ್ಬಿಟಾಲ್‌ಗೂ ಇದೇ ಮಾತು.

ಕಾಮನಬಿಲ್ಲು: ಎಲ್ಲ ಆ್ಯಂಟಿಬಯಾಟಿಕ್‌ಗೂ ಎಚ್ಚರಿಕೆ ಬೇಕು. ನನ್ನ ಪಿಲ್ ಡಬ್ಬಿಯ ಚೀಟಿಯಲ್ಲೇ ಇದೆ.

ಇರುವೆ: ಹಳೇ ಚೀಟಿ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಲ್ಲಿ ಪಿಲ್ ಬಳಸೋರಿಗೆ ಸಾಮಾನ್ಯ ಆ್ಯಂಟಿಬಯಾಟಿಕ್ 1ನೇ ವರ್ಗ (ಅಡ್ಡಿಯಿಲ್ಲ), ರಿಫಾಂಪಿಸಿನ್ 3ನೇದು (ಸಾಮಾನ್ಯವಾಗಿ ಬೇಡ).

ಕಾಮನಬಿಲ್ಲು: ಕಾಂಡೋಮ್ ಬಳಸಿದ್ರೆ ನಷ್ಟವೇನು?

ಇರುವೆ: ನಷ್ಟ ಇದೆ. ಹೆದರಿ ಆ್ಯಂಟಿಬಯಾಟಿಕ್ಕನ್ನೇ ಅರ್ಧಕ್ಕೆ ಬಿಡ್ತಾರೆ.

ಕಾಮನಬಿಲ್ಲು: ನಿಮಗೆ ಎಲ್ಲ ಗೊತ್ತು ಬಿಡಿ.

ತಾವರೆ: ನನ್ನ ಪ್ರಶ್ನೆ??

ಹಂಸ: ಮನಸ್ಸಿನ ಬೇಸರಕ್ಕೆ ಗಿಡಮೂಲಿಕೆ ಕ್ಯಾಪ್ಸೂಲ್ ಅಂತ ಇನ್ನೊಂದು ಬಂದಿದೆ. ಗಿಡಮೂಲಿಕೆ ತಾನೆ?

ಫಾರ್ಮಸಿಸ್ಟ್: ಡಬ್ಬಿ ತಿರುಗಿಸಿ ಓದಿ. ಸೇಂಟ್ ಜಾನ್ಸ್ ವರ್ಟ್ ಅಥವಾ ಹೈಪೆರಿಕಂ ಅಂತಿದ್ದರೆ ಪಿಲ್ ಜೊತೆ ಬೇಡ. ಅದೂ ಅದೇ ಕಿಣ್ವಗಳನ್ನು ಕೆಣಕುತ್ತೆ. ಫಾರ್ವರ್ಡ್ ಸಾಕು ಹಂಸ.

ಸಂಪಿಗೆ: ರಿಫಾಂಪಿಸಿನ್ ನಡೀತಿದೆ, ಮೊನ್ನೆ ಕಾಂಡೋಮ್ ಹರಿಯಿತು. ತುರ್ತು ಮಾತ್ರೆ ಸಾಕಾ?

ಫಾರ್ಮಸಿಸ್ಟ್: 5 ದಿನದೊಳಗೆ ಕಾಪರ್ ಟಿ ಹಾಕಿಸೋದೇ ಖಾತ್ರಿ. ಇವತ್ತೇ ಹೋಗಿ. ಆಗಲೇ ಇಲ್ಲ ಅಂದರೆ ವೈದ್ಯರು 1.5 ಬದಲು 3 ಮಿ.ಗ್ರಾಂ. ಲೆವೊನೊರ್ಜೆಸ್ಟ್ರೆಲ್ (ತುರ್ತು ಮಾತ್ರೆ) ಒಟ್ಟಿಗೆ ಕೊಡಬಹುದು, ಆದರೆ ಅದು ಎರಡನೇ ಆಯ್ಕೆ. ಇನ್ನೊಂದು ತುರ್ತು ಮಾತ್ರೆ ಯುಲಿಪ್ರಿಸ್ಟಾಲ್ ನೆಚ್ಚಬೇಡಿ.

ಇಬ್ಬನಿ: ಡಾಕ್ಸಿಸೈಕ್ಲಿನ್?

ಫಾರ್ಮಸಿಸ್ಟ್: ಮೇಲೆ ಓದಿ. ನವಿಲುಗರಿ, ವಾಲ್ಪ್ರೊಯೇಟ್ ಇದೆಯಾ ಇಲ್ಲವಾ?