ಸಹಾಯ ಬೇಕು: ಭಾನುವಾರ ಬರಲಾಗದ ಎನ್‌ಎಸ್‌ಎಸ್ ಗೆಳೆಯರಿಗೆ ಯಾವ ಕೆಲಸ ಕೊಡಲಿ?

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಡಿಗ್ರಿ ಎರಡನೇ ವರ್ಷ ಓದುತ್ತಿದ್ದೇನೆ, ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕದ ಲೀಡರ್. ಎರಡು ವರ್ಷಕ್ಕೆ 240 ಗಂಟೆ ಸೇವೆ ಆಗಬೇಕು, ಜೊತೆಗೆ 7 ದಿನದ ವಿಶೇಷ ಶಿಬಿರ. ಶಿಬಿರಕ್ಕೇನೂ ತೊಂದರೆ ಇಲ್ಲ. ಹಳ್ಳಿಯಲ್ಲಿ ಉಳಿಯೋದು, ಒಟ್ಟಿಗೆ ಅಡುಗೆ, ರಾತ್ರಿ ಹಾಡು-ನಾಟಕ ಅಂದರೆ ಎಲ್ಲರೂ ಬರುತ್ತಾರೆ. ಕಷ್ಟ ಇರೋದು ವಾರದ ಕೆಲಸಕ್ಕೆ. ಭಾನುವಾರ ಶ್ರಮದಾನ ಅಂದರೆ ಅರ್ಧ ಜನ ನಾಪತ್ತೆ. ಸೋಮಾರಿಗಳಂತೂ ಅಲ್ಲ. ಕೆಲವರು ಕೇಟರಿಂಗ್ ಕೆಲಸಕ್ಕೆ, ಕೆಲವರು ಊರಿಗೆ, ಹೊಲಕ್ಕೆ ಹೋಗುತ್ತಾರೆ. ಉಳಿದವರಿಗೆ ಬಟ್ಟೆ ಒಗೆಯಲು, ಕ್ರಿಕೆಟ್ ಆಡಲು ಅದೊಂದೇ ದಿನ. ಅದನ್ನೂ ಕಿತ್ತುಕೊಳ್ಳೋದು ಸರಿ ಅಲ್ಲ, ಅಲ್ವಾ?

ಹಾಗಾಗಿ ಕ್ಲಾಸ್‌ಗಳ ನಡುವಿನ ಬಿಡುವಿನಲ್ಲೇ ಮುಗಿಯುವ ಕೆಲಸ ಹುಡುಕುತ್ತಿದ್ದೇನೆ. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪಠ್ಯ ಓದಿ ರೆಕಾರ್ಡ್ ಮಾಡಿಕೊಡುವುದು, ಕನ್ನಡ ವಿಕಿಸೋರ್ಸ್‌ನಲ್ಲಿ (ಉಚಿತ ಆನ್‌ಲೈನ್ ಪುಸ್ತಕ ಭಂಡಾರ) ಹಳೆಯ ಪುಸ್ತಕಗಳ ಪುಟಗಳಲ್ಲಿ ಅಕ್ಷರ ತಪ್ಪು ತಿದ್ದುವುದು, ಇವೆರಡು ತಲೆಯಲ್ಲಿವೆ. ಯಾರಾದರೂ ಕಾಲೇಜಿನಲ್ಲಿ ಮಾಡಿಸಿದ್ದೀರಾ? ಆ ಗಂಟೆಗಳನ್ನು ಡೈರಿಯಲ್ಲಿ ಹೇಗೆ ಬರೆದಿರಿ? ಪ್ರೋಗ್ರಾಂ ಆಫೀಸರ್ (ಘಟಕ ನೋಡಿಕೊಳ್ಳುವ ಮೇಷ್ಟ್ರು) ಒಪ್ಪಿದರಾ? ರೆಕಾರ್ಡಿಂಗ್‌ಗೆ ಮೊಬೈಲ್ ಸಾಕಾ, ಮೈಕ್ ಬೇಕೇ ಬೇಕಾ?

ಹಳೇ ಸ್ವಯಂಸೇವಕರು, ಮೇಷ್ಟ್ರುಗಳು ದಯವಿಟ್ಟು ತಿಳಿಸಿ. ಸುಮ್ನೆ ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳೋ ಐಡಿಯಾ ಮಾತ್ರ ಬೇಡ, ಅದು ನಮ್ಮಲ್ಲೇ ಜಾಸ್ತಿ ಇದೆ. ಮುಂದಿನ ವಾರ ಘಟಕದ ಸಭೆ ಇದೆ, ಅಷ್ಟರೊಳಗೆ ಹೇಳಿದರೆ ಅಲ್ಲೇ ಇಡುತ್ತೇನೆ.