ಪುಟ್ಟನ ಪ್ರಶ್ನೆಗೆ ಕಾವಲುಗಾರ ತಾತನ ಉತ್ತರ

ವಾಣಿ, ಕನ್ನಡಕ ಎಲ್ಲಿಟ್ನೋ ಸಿಗ್ತಿಲ್ಲಮ್ಮ, ಅದಕ್ಕೇ ಟೈಪ್ ಮಾಡದೆ ಮಾತಾಡ್ತಿದೀನಿ. ಉದ್ದ ಆಗತ್ತೆ, ತರಕಾರಿ ಹೆಚ್ಚುತ್ತಾ ಕೇಳಿಸ್ಕೋ. ಪುಟ್ಟ ‘ನೈಟ್ ಅಟ್ ದ ಮ್ಯೂಸಿಯಂ’ ನೋಡಿ, ತಾತ ಕಾವಲು ಕಾಯ್ತಿದ್ದ ಮ್ಯೂಸಿಯಮ್ಮಲ್ಲೂ ರಾತ್ರಿ ಗೊಂಬೆಗಳು ಎದ್ದು ಓಡಾಡ್ತಿದ್ವಾ ಅಂತ ಕೇಳ್ದ ಅಂದ್ಯಲ್ಲ. ಓಡಾಡ್ತಿದ್ದದ್ದು ನಾನೊಬ್ನೇ ಅಂತ ಹೇಳು. ಅದೂ ಗಂಟೆಗೊಂದ್ಸಲ, ಟಾರ್ಚ್ ಹಿಡ್ಕೊಂಡು, ರಿಜಿಸ್ಟರಿಗೆ ಸಹಿ ಹಾಕೋಕೆ.

ಆ ಸಿನಿಮಾ ನಾನೂ ನೋಡಿದೀನಿ, 2006ರದ್ದು. ನ್ಯೂಯಾರ್ಕಿನ ಮ್ಯೂಸಿಯಂ ಅಂತ ತೋರಿಸ್ತಾರೆ, ಒಳಗಿನದೆಲ್ಲಾ ಹೆಚ್ಚುಕಮ್ಮಿ ಕೆನಡಾದ ವ್ಯಾಂಕೂವರ್ ಕಡೆ ಹಾಕಿದ ಸೆಟ್ಟು. ನಾಯಿಮರಿ ಥರ ಮೂಳೆ ಹಿಂದೆ ಓಡೋ ಟಿ-ರೆಕ್ಸ್ ಡೈನೋಸಾರ್ ಅಸ್ಥಿಪಂಜರ ಇದೆಯಲ್ಲ, ಅದು ನಿಜಕ್ಕೂ ಇರೋದು ನಾಲ್ಕನೇ ಮಹಡೀಲಿ. ದೊಡ್ಡ ಬಾಗಿಲು ದಾಟಿದ್ರೆ ಎದುರಿಗೆ ಸಿಗೋದು ಬರೋಸಾರಸ್, ಸೊಪ್ಪು ತಿನ್ನೋ ಜಾತಿ, ಮರಿ ಕಾಪಾಡೋಕೆ ಹಿಂಗಾಲ ಮೇಲೆ ಎದ್ದು ನಿಂತಿದೆ ಪಾಪ. ಅದಿರ್ಲಿ. ಸಿನಿಮಾದ ಕೋತಿ ಕಾವಲುಗಾರನ ಬೀಗದ ಕೈ ಗೊಂಚಲು ಕಿತ್ಕೊಂಡು ಓಡಿದಾಗ ಮನೆಮಂದಿಯೆಲ್ಲಾ ಬಿದ್ದುಬಿದ್ದು ನಕ್ಕರು, ನನಗೆ ಮಾತ್ರ ಹೊಟ್ಟೇಲಿ ತಳಮಳ. ಬೀಗದ ಕೈ ಕಳೆದ್ರೆ ಕೆಲಸ ಹೋದಂಗೇ.

ಒಂದು ಗಮನಿಸಿದೀನಿ. ನಗಿಸೋ ಸಿನಿಮಾದವರ ಕಣ್ಣು ದೊಡ್ಡ ಸಾಹೇಬರಿಗಿಂತ ಮೊದಲು ನಮ್ಮಂಥವರ ಮೇಲೆ ಬೀಳತ್ತೆ. 1997ರ ‘ಬೀನ್’ ನೋಡು. ಲಂಡನ್ನಿನ ನ್ಯಾಷನಲ್ ಗ್ಯಾಲರೀಲಿ ಕುರ್ಚಿ ಮೇಲೆ ತೂಕಡಿಸೋ ಕಾವಲುಗಾರ. ಪೀಡೆ ತೊಲಗಲಿ ಅಂತ, ಮಹಾ ಪಂಡಿತ ಅನ್ನೋ ಹಣೆಪಟ್ಟಿ ಅಂಟಿಸಿ ಅಮೆರಿಕಕ್ಕೆ ಸಾಗಹಾಕ್ತಾರೆ. ಅಮೆರಿಕದ ಚಿತ್ರಕಾರ ವಿಸ್ಲರ್ 1871ರಲ್ಲಿ ಬರೆದ ತನ್ನ ತಾಯಿಯ ಚಿತ್ರದ ಮೇಲೆ ಇವನು ಸೀನ್ತಾನೆ. ಕರ್ಚೀಫಲ್ಲಿ ಒರೆಸ್ತಾನೆ, ಅದರಲ್ಲಿ ಶಾಯಿ! ಶಾಯಿ ತೆಗೆಯೋಕೆ ಥಿನ್ನರ್ ಹಚ್ತಾನೆ, ಆಯಮ್ಮನ ಮುಖವೇ ಮಾಯ. ಅಸಲಿ ಚಿತ್ರ ಪ್ಯಾರಿಸ್ಸಿನ ಓರ್ಸೇ ಮ್ಯೂಸಿಯಮ್ಮಲ್ಲಿ ಸುಖವಾಗಿದೆ, ಗಾಬರಿ ಬೇಡ.

ಅತಿ ಅನ್ಸತ್ತೆ ಅಲ್ವಾ? ನಮ್ಮಲ್ಲಿ ಹೊಸದಾಗಿ ಸೇರಿದ್ದ ಹುಡುಗ ಒಬ್ಬ ಕಂಚಿನ ದೀಪಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಿ, ಫಳಫಳ ಅನ್ನಿಸಿ ತಂದಿಟ್ಟಿದ್ದ. ಎಷ್ಟೋ ತಲೆಮಾರಿಂದ ಕೂತಿದ್ದ ಹಸಿರು ಛಾಯೆ ಹತ್ತೇ ನಿಮಿಷಕ್ಕೆ ಚರಂಡಿ ಪಾಲು. ‘ಚೆನ್ನಾಗಾಯ್ತಲ್ವಾ ಅಣ್ಣ?’ ಅಂತ ಕೇಳ್ದ. ಏನಂತ ಬೈಯೋದು, ದೇವರ ಮನೆ ದೀಪಕ್ಕೆ ಅವರಮ್ಮ ಮಾಡೋದೂ ಅದನ್ನೇ.

ಅಮೆರಿಕದ ‘ಫ್ರೆಂಡ್ಸ್’ ಅನ್ನೋ ನಗೆ ಸೀರಿಯಲ್ಲಲ್ಲಿ 1998ರ ಒಂದು ಕಂತಿದೆ, ಅದು ನನಗೆ ಎಲ್ಲಕ್ಕಿಂತ ಇಷ್ಟ. ರಾಸ್ ಮ್ಯೂಸಿಯಂ ವಿಜ್ಞಾನಿ, ಬಿಳಿ ಕೋಟು. ಜೋಯಿ ಅಲ್ಲೇ ಗೈಡ್ ಆಗಿ ಸೇರ್ತಾನೆ, ನೀಲಿ ಕೋಟು. ಊಟದ ಹಾಲಲ್ಲಿ ಬಿಳಿಯವರು ಒಂದ್ಕಡೆ, ನೀಲಿಯವರು ಇನ್ನೊಂದ್ಕಡೆ. ಕೊನೆಗೆ ರಾಸ್ ಕೋಟು ಬಿಚ್ಚಿ ಗೆಳೆಯನ ಜೊತೆ ಕೂರ್ತಾನೆ. ಬರೆದವನು ಯಾವುದೋ ಮ್ಯೂಸಿಯಂ ಕ್ಯಾಂಟೀನಲ್ಲಿ ಕೂತು ಉಂಡಿದ್ದಾನೇನೋ ಅನ್ಸತ್ತೆ. ನಮ್ಮಲ್ಲಿ ಕೋಟು ಇರ್ಲಿಲ್ಲ, ಆದ್ರೆ ಯಾರಿಗೆ ಯಾವ ಬೆಂಚು ಅಂತ ಎಲ್ರಿಗೂ ಗೊತ್ತಿತ್ತು. ನಾನು ಮೆಟ್ಟಿಲ ಮೇಲೆ ಕೂತು ನಿಮ್ಮತ್ತೆ ಕಟ್ಟಿಕೊಟ್ಟ ಮೊಸರನ್ನ ತಿಂತಿದ್ದೆ.

ಭಾನುವಾರ ಪುಟ್ಟನ್ನ ಕರ್ಕೊಂಡು ಬಾ. ಕಸ್ತೂರ್ಬಾ ರಸ್ತೆ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗೋಣ, ಅಲ್ಲಿ ಗುಂಡಿ ಒತ್ತಿ, ಹಿಡಿ ತಿರುಗಿಸಿ ಆಡಬಹುದು, ಡೈನೋಸಾರೂ ಇದೆ. ಹಾಂ, ಕನ್ನಡಕ ಸಿಕ್ತು, ತಲೆ ಮೇಲೇ ಇತ್ತು. ಇಡ್ತೀನಿ.