ಮೋಟರ್ ಓಡಿದರೆ ಕಾಂಪಸ್ ದಿಕ್ಕು ತಪ್ಪುತ್ತದೆ, ಅನುಭವ ಇದ್ದವರು ಹೇಳಿ

ಪುಣೆಯ ಕೊಥ್ರೂಡ್‌ನಲ್ಲಿದ್ದೇವೆ. ಮಗಳು ಕಾಲೇಜಿನ ಪ್ರಾಜೆಕ್ಟ್‌ಗೆ ತಾನೇ ದಾರಿ ಹಿಡಿದು ಓಡುವ ಪುಟ್ಟ ಬಂಡಿ ಮಾಡುತ್ತಿದ್ದಾಳೆ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ತಾಪಕೀರ್ ಗಲ್ಲಿಯಿಂದ ಜಿವೈ-271 ಕಾಂಪಸ್ ಮಾಡ್ಯೂಲ್ ತಂದಳು. ಎಚ್‌ಎಂಸಿ5883ಎಲ್ ಚಿಪ್‌ನ ಲೈಬ್ರರಿ (ಸಿದ್ಧ ಕೋಡ್) ಹಾಕಿದರೆ ಮಾಡ್ಯೂಲಿನಿಂದ ಉತ್ತರವೇ ಇಲ್ಲ. ಬೇರೆ ಲೈಬ್ರರಿಯಲ್ಲಿ ರೀಡಿಂಗ್ ಬಂತು, ಆದರೆ ಮೋಟರ್ ಓಡಿದ ಕೂಡಲೇ ದಿಕ್ಕು ಎಲ್ಲೋ ಹೋಗುತ್ತದೆ. ದುಬಾರಿ ಮಾಡ್ಯೂಲೇ ತರಬೇಕಾ?

ಠಾಣೆಯಿಂದ:
ಬೇಡ ಅಕ್ಕ, ಇದೇ ಸಾಕು. ಜಿವೈ-271 ಅಂತ ಮಾರುವ ಬೋರ್ಡ್‌ಗಳಲ್ಲಿ ಈಗ ಜಾಸ್ತಿ ಇರುವುದು ಕ್ಯೂಎಂಸಿ5883ಎಲ್ ಚಿಪ್. ಹನಿವೆಲ್‌ನ ಎಚ್‌ಎಂಸಿಯ ಐ2ಸಿ ವಿಳಾಸ (ವೈರಿನ ಮೇಲೆ ಚಿಪ್ಪನ್ನು ಕರೆಯುವ ಸಂಖ್ಯೆ) 0ಎಕ್ಸ್1ಇ, ಇದರದ್ದು 0ಎಕ್ಸ್0ಡಿ. ರೀಡಿಂಗ್ ಇಡುವ ಒಳಗಿನ ಜಾಗಗಳು, ಅಂದರೆ ರಿಜಿಸ್ಟರ್‌ಗಳೂ ಬೇರೆ. ಹಾಗಾಗಿ ಹಳೆಯ ಲೈಬ್ರರಿ ಕರೆದರೆ ಅದು ಓಗೊಡುವುದಿಲ್ಲ. ಎರಡರ ಒಳಗಿನ ತತ್ವ ಒಂದೇ. ನಿಕ್ಕಲ್-ಕಬ್ಬಿಣದ ತೆಳು ಪದರಕ್ಕೆ ಕಾಂತಕ್ಷೇತ್ರ ತಾಗಿದರೆ ಅದರ ರೆಸಿಸ್ಟೆನ್ಸ್ ಚೂರು ಬದಲಾಗುತ್ತದೆ. ಮೂರು ದಿಕ್ಕಿಗೆ ಮೂರು ಸೇತುವೆ ಸರ್ಕ್ಯೂಟ್ ಆ ಬದಲಾವಣೆಯನ್ನು ಅಳೆಯುತ್ತವೆ.

ಪಿಂಪ್ರಿಯಿಂದ:
ಮೋಟರ್ ವಿಷಯಕ್ಕೆ ಲೆಕ್ಕ ಹಾಕಿ ನೋಡಿ. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯುವ ಮಾನ). 2 ಆಂಪಿಯರ್ ಹರಿಯುವ ಒಂಟಿ ವೈರ್ 2 ಸೆಂಟಿಮೀಟರ್ ದೂರದಲ್ಲಿ 20 ಮೈಕ್ರೋಟೆಸ್ಲಾ ಹುಟ್ಟಿಸುತ್ತದೆ. ಅಂದರೆ ಅರ್ಧದಷ್ಟು! ಸೆನ್ಸರ್ ಪಾಪ ಸರಿಯಾಗಿಯೇ ಅಳೆಯುತ್ತಿದೆ, ಅದರ ಸುತ್ತಮುತ್ತ ಸರಿಯಿಲ್ಲ, ಅಷ್ಟೆ. ಮೋಟರಿನ ಎರಡೂ ವೈರ್‌ಗಳನ್ನು ಜಡೆ ಹೆಣೆದ ಹಾಗೆ ಒಟ್ಟಿಗೆ ತಿರುಚಿ. ಹೋಗುವ ಕರೆಂಟಿನ ಪ್ರಭಾವವನ್ನು ಬರುವ ಕರೆಂಟು ಬಹುಪಾಲು ಕಳೆಯುತ್ತದೆ. ಮಾಡ್ಯೂಲನ್ನು ಪ್ಲಾಸ್ಟಿಕ್ ಕೋಲಿನ ಮೇಲೆ, ಮೋಟರಿನಿಂದ 15 ಸೆಂಟಿಮೀಟರ್ ಎತ್ತರದಲ್ಲಿ ನಿಲ್ಲಿಸಿ. ಸ್ಕ್ರೂ ನೈಲಾನ್ ಅಥವಾ ಹಿತ್ತಾಳೆಯದೇ ಇರಲಿ.

ಪನ್ವೇಲ್‌ನಿಂದ:
ಪಿಂಪ್ರಿಯವರ ಮಾತು ನಿಜ. ಕೊಲಾಬಾದ ಭೂಕಾಂತ ವೀಕ್ಷಣಾಲಯವನ್ನು 1904ರಲ್ಲಿ ಅಲಿಬಾಗ್‌ಗೆ ಸಾಗಿಸಿದ್ದೂ ಇಂಥದ್ದೇ ಕಾರಣಕ್ಕೆ. ಬಾಂಬೆಗೆ ಕರೆಂಟಿನ ಟ್ರಾಮ್ ಬರುವುದಿತ್ತು, ಅದರಿಂದ ಅಳತೆ ಕೆಡುತ್ತಿತ್ತು.

ದೂರ ಇಟ್ಟ ಮೇಲೂ ಕ್ಯಾಲಿಬ್ರೇಷನ್ (ರೀಡಿಂಗ್ ಸರಿಹೊಂದಿಸುವುದು) ಬಿಡಬೇಡಿ. ಬ್ಯಾಟರಿ, ಮೋಟರ್ ಎಲ್ಲ ಜೋಡಿಸಿದ ಬಂಡಿಯನ್ನೇ ಎತ್ತಿಕೊಂಡು ಎಲ್ಲ ಕಡೆ ಮೆಲ್ಲಗೆ ತಿರುಗಿಸಲಿ. ಪ್ರತಿ ಅಕ್ಷದ ಗರಿಷ್ಠ, ಕನಿಷ್ಠ ಬರೆದುಕೊಂಡು, ಅವೆರಡರ ಸರಾಸರಿಯನ್ನು ರೀಡಿಂಗ್‌ನಿಂದ ಕಳೆಯಬೇಕು. ಇದನ್ನು ಮನೆಯೊಳಗೆ ಮಾಡಬೇಡಿ, ಕಾಂಕ್ರೀಟ್ ನೆಲದಲ್ಲಿ ಕಬ್ಬಿಣದ ಸರಳು ಇರುತ್ತೆ ಅಲ್ವಾ. ಬಯಲಿಗೆ ಹೋಗಿ.

ಇನ್ನೊಂದು, ಪುಣೆಯಲ್ಲಿ ಕಾಂತಕ್ಷೇತ್ರ ಸುಮಾರು 25 ಡಿಗ್ರಿ ನೆಲದ ಕಡೆಗೆ ಬಾಗಿರುತ್ತದೆ. ಬಂಡಿ 10 ಡಿಗ್ರಿ ವಾಲಿದರೂ ದಿಕ್ಕು 5 ಡಿಗ್ರಿಯವರೆಗೆ ತಪ್ಪಬಹುದು. ಏರಿಳಿತದ ಜಾಗದಲ್ಲಿ ಓಡಿಸುವುದಾದರೆ ವಾಲುವುದನ್ನು ಅಳೆಯುವ ಎಂಪಿಯು6050 ಸೆನ್ಸರ್ ಜೊತೆಗಿಟ್ಟು ವಾಲಿದ್ದನ್ನು ಲೆಕ್ಕದಲ್ಲಿ ಸರಿಪಡಿಸಲಿ. ನಿಜ ಉತ್ತರಕ್ಕೂ ಕಾಂಪಸ್ ಉತ್ತರಕ್ಕೂ ಇಲ್ಲಿ 1 ಡಿಗ್ರಿಯೂ ವ್ಯತ್ಯಾಸವಿಲ್ಲ, ಅದನ್ನು ಸದ್ಯಕ್ಕೆ ಬಿಟ್ಟುಬಿಡಿ. ಆದರೆ ಬ್ಯಾಟರಿಯ ಜಾಗ ಬದಲಿಸಿದರೆ ಕ್ಯಾಲಿಬ್ರೇಷನ್ ಮತ್ತೆ ಮೊದಲಿಂದ ಮಾಡಬೇಕು.